ಕಾಲು ಕಿಲೋ ಬಸ್ಸು

ನನ್ನ ಅತ್ತಿಗೆ ಕಂಪ್ಯೂಟರಿಗೆ ಬೈಯುವುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡವರು ಈ ಮನೆಯಲ್ಲಿ ನಾಲ್ಕೈದು ತುಂಟ ಮಕ್ಕಳಿದ್ದಾರೆ ಎಂದೇ ತಿಳಿಯುತ್ತಾರೆ. "ಏ ಉಸಿರು, ಸೊನ್ನೆಗಿಂತ ಕೆಳಗೆ ಹೋಗ್ಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ಓಟ, ನಿಲ್ಲು! ನಿಲ್ಲು ಅಂದ್ರೆ ನಿಲ್ಬೇಕು!" ಮಕ್ಕಳು ಯಾರೂ ಇಲ್ಲ. ಉಸಿರು, ಓಟ, ಹಸಿವು, ಸಿಟ್ಟು, ಇವೆಲ್ಲ ಅವಳು ಬರೆಯುವ ಗೇಮುಗಳ ಒಳಗಿನ ಹೆಸರುಗಳು.

ಗೇಮಿನ ಸ್ಕ್ರಿಪ್ಟ್ ಬರೆಯುವುದು ಅವಳ ಕೆಲಸ. ಸ್ಕ್ರಿಪ್ಟ್ ಎಂದರೆ ಗೊಂಬೆಗಳು ಆಡುವ ಮಾತು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಅದಲ್ಲವಂತೆ. ಪರದೆಯ ಮೇಲಿನ ಗೊಂಬೆ ಯಾವಾಗ ಓಡಬೇಕು, ಯಾವಾಗ ಬೀಳಬೇಕು, ಬಿದ್ದರೆ ಎಷ್ಟು ಪೆಟ್ಟಾಗಬೇಕು ಎಂದು ಕಂಪ್ಯೂಟರಿಗೆ ಸಾಲುಸಾಲಾಗಿ ಅಪ್ಪಣೆ ಕೊಡುವುದಂತೆ. ನಡುವೆ ಲೆಕ್ಕ ಇಟ್ಟುಕೊಳ್ಳಲು ಡಬ್ಬಿಗಳು ಬೇಕು. ಆ ಡಬ್ಬಿಗೆ ಅವರ ಕಸುಬಿನಲ್ಲಿ ವೇರಿಯೇಬಲ್ ಎನ್ನುತ್ತಾರೆ. ಒಂದರಲ್ಲಿ ಗೊಂಬೆಯ ಪ್ರಾಣ, ಇನ್ನೊಂದರಲ್ಲಿ ವೇಗ. ಆಫೀಸಿನ ಉಳಿದವರೆಲ್ಲ ಡಬ್ಬಿಗಳಿಗೆ ಇಂಗ್ಲಿಷ್ ಹೆಸರಿಟ್ಟರೆ ಇವಳು ಮನೆಮಾತಿನ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದಳು. ಅದ್ಯಾಕೆ ಎಂದು ಕೇಳಿದರೆ, "ಬೇರೆ ಹೆಸರಿಟ್ರೆ ಪಕ್ಕದ್ಮನೆ ಮಕ್ಕಳನ್ನ ಬೈದ ಹಾಗಾಗುತ್ತೆ, ಬಾಯಿಗೇ ಬರಲ್ಲ" ಎನ್ನುತ್ತಿದ್ದಳು.

ಈ ಕಥೆ ಹೇಳುತ್ತಿರುವ ನಾನು ಅವಳ ನಾದಿನಿ, ಬಸ್ ಕಂಡಕ್ಟರು. ದಿನವಿಡೀ ಕೂಗಿ ಕೂಗಿ ನನ್ನ ಗಂಟಲು ತಗಡಾಗಿದೆ. ಮೆತ್ತಗೆ ಮಾತಾಡು ಎಂದರೆ ಬರುವುದಿಲ್ಲ, ಬರುವುದೂ ಬೇಡ. ನನ್ನ ಅಣ್ಣ, ಅಂದರೆ ಅವಳ ಗಂಡ, ನನ್ನದೇ ಡಿಪೋದಲ್ಲಿ ಡ್ರೈವರು. ಮೂವರೂ ಒಂದೇ ಮನೆಯಲ್ಲಿರುತ್ತೇವೆ. ಅತ್ತಿಗೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಆದ್ದರಿಂದ ನೀನು ಎಂದೇ ನಮ್ಮ ಮಾತು. ಆದರೆ ಅವಳು ನನ್ನನ್ನು ಕರೆಯುವುದು ಮಾತ್ರ ಕಂಡಕ್ಟ್ರಮ್ಮ ಎಂದು.

ಮದುವೆಗೆ ಮುಂಚೆ ಅವಳು ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ಚೆಂಡು ಪುಟಿಯುವ ಆಟವೊಂದನ್ನು ತಾನೇ ಕಟ್ಟಿದಳು. ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ "ಅಯ್ಯೋ" ಎನ್ನುತ್ತಿತ್ತಂತೆ. ಅದನ್ನು ನೋಡಿದ ಗಿರಾಕಿಯೊಬ್ಬ ಟೈರ್ ಅಂಗಡಿಯ ಮೇಲಿನ ಸಣ್ಣ ಗೇಮ್ ಆಫೀಸಿಗೆ ಅವಳನ್ನು ಸೇರಿಸಿದ. ಮೂರ್ನಾಲ್ಕು ಮೇಜು, ಒಂದು ಫ್ಯಾನು, ಕೆಳಗಿನಿಂದ ಬರುವ ರಬ್ಬರಿನ ವಾಸನೆ. ಅಲ್ಲಿಯೇ ಅವಳು ಬೆಳೆದಳು. ಕೆಲಸ ಕೆಟ್ಟರೆ ಊಟ ಬಿಡುವ ಜಾತಿ ಅವಳದು. ಒಂದು ತಪ್ಪು ಸಿಗುವವರೆಗೆ ಮನೆಯಲ್ಲಿ ಯಾರು ಮಾತಾಡಿಸಿದರೂ ಹೂಂ ಎನ್ನುತ್ತಾಳೆ, ಒಂದೂ ಕಿವಿಗೆ ಬಿದ್ದಿರುವುದಿಲ್ಲ. ಅಣ್ಣ ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದ. "ಲೇ, ನಾನು ಇನ್ನೊಂದು ಮದುವೆ ಆಗ್ಲಾ?" "ಹೂಂ." "ನೋಡು ತಂಗಿ, ಒಪ್ಪಿಗೆ ಸಿಕ್ತು."

ಇಂಥ ಅಣ್ಣನಿಗೆ ಒಂದು ಮಧ್ಯಾಹ್ನ ಡಿಪೋದ ಕ್ಯಾಂಟೀನಿನಲ್ಲಿ ಲಕ್ವ ಹೊಡೆಯಿತು. ಕೈಯಲ್ಲಿದ್ದ ಲೋಟ ಜಾರಿತು, ಲೋಟ ಎತ್ತಲು ಬಗ್ಗಿದವನು ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಮಾತು ಬೇಗ ಮರಳಿತು, ಬಲಗೈ ಮೆಲ್ಲಗೆ ಮರಳಿತು. ಬಲಗಾಲು ಮಾತ್ರ ಕೊರಡಾಗಿ ಬಿದ್ದುಕೊಂಡಿತು. ಡ್ರೈವರಿಗೆ ಬಲಗಾಲು ಎಂದರೆ ಏನು ಎಂದು ಬಿಡಿಸಿ ಹೇಳಬೇಕೇ? ಗಾಡಿ ಹೊರಡುವುದೂ ಅದರಿಂದಲೇ, ನಿಲ್ಲುವುದೂ ಅದರಿಂದಲೇ.

ಅವನನ್ನು ಮನೆಗೆ ಕರೆತಂದ ಮೇಲೆ ಕಾಲಿನ ವ್ಯಾಯಾಮ ಮಾಡಿಸಲು ಒಬ್ಬ ಮೇಡಂ ಬರುತ್ತಿದ್ದರು. ಗಟ್ಟಿ ಹೆಂಗಸು, ಸುಳ್ಳು ಸಮಾಧಾನ ಹೇಳುವವರಲ್ಲ. ಅಣ್ಣನ ಪಾದವನ್ನು ಅಂಗೈಯಲ್ಲಿ ಹಿಡಿದು, "ಒತ್ತಿ, ಒತ್ತಿ" ಎಂದು ಎಷ್ಟೋ ಹೊತ್ತು ಹೇಳಿ, ಕೊನೆಗೆ ಅತ್ತಿಗೆಯ ಕಡೆ ತಿರುಗಿದರು. "ನನ್ನ ಕೈಗೆ ಏನೂ ಸಿಗ್ತಾ ಇಲ್ಲ. ಆದ್ರೆ ಒಳಗೆ ಸಣ್ಣದಾಗಿ ಏನೋ ಮಿಸುಕಾಡ್ತಾ ಇರಬಹುದು. ದಿನಾ ಒತ್ತಿಸಿ. ಕಾಲು ಕಿಲೋ ಭಾರ ಒತ್ತೋಷ್ಟು ಬಂದ್ರೂ ಸಾಕು, ಮುಂದಿಂದು ನಾನು ನೋಡ್ಕೋತೀನಿ. ಒಂದು ಮಾತು ನೆನಪಿಡಿ. ಒತ್ತಿದ್ದು ಅವರ ಕಣ್ಣಿಗೆ ಕಾಣ್ಬೇಕು. ಕಂಡ್ರೆ ತಲೆ ಇನ್ನಷ್ಟು ಪ್ರಯತ್ನ ಮಾಡುತ್ತೆ. ಕಾಣ್ಲಿಲ್ಲ ಅಂದ್ರೆ ಕೈ ಚೆಲ್ಲಿಬಿಡುತ್ತೆ."

ಕಣ್ಣಿಗೆ ಕಾಣಬೇಕು ಎಂದಿದ್ದೇ ತಡ, ಅತ್ತಿಗೆಗೆ ದಾರಿ ಸಿಕ್ಕಿತು. ಮೈತೂಕ ನೋಡುವ ಹಲಗೆಯೊಂದನ್ನು ಬಿಚ್ಚಿ ವೈರು ಎಳೆದಳು. ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಅಣ್ಣನಿಗೆಂದೇ ಒಂದು ಗೇಮ್ ಬರೆದಳು. ಸ್ಟಾಪಿನಲ್ಲಿ ಒಂದು ಕೆಂಪು ಬಸ್ಸು ನಿಂತಿರುತ್ತದೆ. ಕುರ್ಚಿಯಲ್ಲಿ ಕೂತು ಹಲಗೆಯ ಮೇಲೆ ಪಾದ ಇಟ್ಟರೆ ಪಾದದ ಸ್ವಂತ ಭಾರವನ್ನು ಅದು ಕಳೆದುಬಿಡುತ್ತದೆ. ಅದರ ಮೇಲೆ ಎಷ್ಟು ಒತ್ತಿದರೆ ಅಷ್ಟು ಬಸ್ಸು ಮುಂದೆ ಹೋಗುತ್ತದೆ. ಒಂದು ಚೂರು ಒತ್ತಿದರೂ ಒಂದು ಚೂರು ಹೋಗಬೇಕು. ಒತ್ತಿದ ಭಾರವನ್ನು ತುಂಬಿಡುವ ಡಬ್ಬಿಗೆ ಅವಳು ಕಾಲು ಎಂದೇ ಹೆಸರಿಟ್ಟಳು, ಮೇಡಂ ಹೇಳಿದ ಕಾಲು ಕಿಲೋ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತಲ್ಲ.

ಬಸ್ಸಿಗೆ ದನಿ ನನ್ನದು. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಫೋನು ಹಿಡಿದಳು. ಹೊರಡುವಾಗ "ರೈಟ್, ರೈಟ್", ಮುಂದಿನ ಸ್ಟಾಪ್ ಮುಟ್ಟಿದಾಗ "ಹೋಲ್ಡಾನ್". ನಾನು ಎಂದಿನಂತೆ ಕೂಗಿದೆ. "ಸ್ವಲ್ಪ ಮೆತ್ತಗೆ ಕಣೇ, ರೋಗಿ ಕೇಳೋದು" ಎಂದಳು. "ಮೆತ್ತಗೆ ಕೂಗಿದ್ರೆ ನಿನ್ನ ಗಂಡ ಯಾವತ್ತು ಗಾಡಿ ತೆಗ್ದಿದಾನೆ?" ಎಂದೆ. ಇಬ್ಬರೂ ನಕ್ಕೆವು. ಆ ಮನೆಯಲ್ಲಿ ನಕ್ಕು ಎಷ್ಟೋ ಕಾಲವಾಗಿತ್ತು.

ಗೇಮು ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿತ್ತು, ಆದರೆ ಮನೆಯಲ್ಲಿದ್ದದ್ದು ಟ್ಯಾಬು. ಅದಕ್ಕೆ ಬೇಕಾದ ಹೊಸ ಸಾಫ್ಟ್‌ವೇರು ಭಾರಿ ಮಡಿವಂತಿಕೆಯದು. ಪ್ರತಿ ಡಬ್ಬಿಯ ಮೇಲೂ ಒಳಗೇನಿದೆ ಎಂದು ಚೀಟಿ ಅಂಟಿಸಲೇಬೇಕು: ಪೂರ್ಣ ಸಂಖ್ಯೆಯೋ, ದಶಮಾಂಶವಿರುವ ಸಂಖ್ಯೆಯೋ, ಅಕ್ಷರವೋ. ಇಲ್ಲದಿದ್ದರೆ ಕೆಂಪು ಗೆರೆ ಎಳೆದು ಎರರ್ ಎನ್ನುತ್ತದೆ. ಅತ್ತಿಗೆ ಆಗ ಔಷಧಿಗೆಂದು ಆಸ್ಪತ್ರೆಗೂ ಮನೆಗೂ ಅಲೆಯುತ್ತಿದ್ದಳು. ಅವಳ ಪಕ್ಕದ ಮೇಜಿನವನು, ಆಫೀಸಿನಲ್ಲೆಲ್ಲ ಗಡಿಬಿಡಿ ಎಂದೇ ಹೆಸರಾದವನು, "ಅಕ್ಕಾ, ಅದನ್ನ ನನಗೆ ಬಿಡಿ" ಎಂದು ತಾನೇ ಕೂತು ಎಲ್ಲ ಚೀಟಿ ಅಂಟಿಸಿ, ಕೆಂಪು ಗೆರೆಗಳನ್ನೆಲ್ಲ ಒರೆಸಿ ಟ್ಯಾಬಿಗೆ ಹಾಕಿಕೊಟ್ಟ. ನಮ್ಮ ಮನೆಗೇ ಬಂದು ಹಲಗೆಯನ್ನು ತನ್ನ ಕಾಲಿನಿಂದ ತುಳಿದು ತೋರಿಸಿದ. ಬಸ್ಸು ಜಗ್ಗೆಂದು ಓಡಿತು. ಒಳ್ಳೆಯ ಹುಡುಗ, ಅವನಿಗೆ ನಾನೇ ಚಹಾ ಮಾಡಿಕೊಟ್ಟೆ.

ಆಮೇಲೆ ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿದೆವು. ಹಲಗೆಯ ಮೇಲೆ ಅವನ ಪಾದವನ್ನು ಅತ್ತಿಗೆ ತನ್ನ ಕೈಯಿಂದಲೇ ಇಟ್ಟಳು. "ರೈಟ್, ರೈಟ್" ಎಂದಿತು ನನ್ನ ದನಿ. ಅಣ್ಣ ಹಲ್ಲು ಕಚ್ಚಿ ಒತ್ತಿದ. ಕುತ್ತಿಗೆಯ ನರ ಉಬ್ಬಿತು, ಹಣೆ ಬೆವರಿತು. ಪರದೆಯ ಮೂಲೆಯಲ್ಲಿ ಒಂದು ಸೊನ್ನೆ ಇತ್ತು, ಸೊನ್ನೆಯಾಗಿಯೇ ಉಳಿಯಿತು. ಬಸ್ಸು ಅಲ್ಲಾಡಲಿಲ್ಲ.

"ಮೊದಲ ದಿನ ಅಲ್ವಾ" ಎಂದಳು ಅತ್ತಿಗೆ.

ಮರುದಿನವೂ ಸೊನ್ನೆ. ಅದರ ಮರುದಿನವೂ. ನಾನು ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುವಾಗಲೇ ನನ್ನದೇ ಕಂಠ ಮನೆಯೊಳಗಿಂದ "ರೈಟ್, ರೈಟ್" ಎಂದು ಕೂಗುತ್ತಿರುತ್ತಿತ್ತು. "ಹೋಲ್ಡಾನ್" ಮಾತ್ರ ಒಂದು ದಿನವೂ ಕೇಳಲಿಲ್ಲ. ಹೊರಡದ ಬಸ್ಸಿಗೆ ಸ್ಟಾಪ್ ಎಲ್ಲಿಂದ ಬರಬೇಕು? ಮೈಯೆಲ್ಲ ಉರಿಯುತ್ತಿತ್ತು ನನಗೆ. ನನ್ನ ಗಂಟಲನ್ನೇ ಹಿಚುಕಬೇಕು ಎನಿಸುತ್ತಿತ್ತು.

ಯಂತ್ರದ್ದೇ ತಪ್ಪಿರಬಹುದು ಎಂದು ಅತ್ತಿಗೆ ನೋಡದೆ ಬಿಟ್ಟಳು ಎಂದುಕೊಳ್ಳಬೇಡಿ. ವೈರು ಬದಲಾಯಿಸಿದಳು, ಬ್ಯಾಟರಿ ಬದಲಾಯಿಸಿದಳು. ಅಂಗಡಿಯಿಂದ ತಂದ ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ಹಲಗೆಯ ಮೇಲಿಟ್ಟಳು. ಪರದೆ ಒಂದು ಎಂದಿತು. ಇನ್ನೊಂದು ಇಟ್ಟಳು, ಎರಡು ಎಂದಿತು. ಇಷ್ಟು ಸತ್ಯವಂತ ಹಲಗೆಯನ್ನು ಅನುಮಾನಿಸುವುದು ಹೇಗೆ? ನಾನು ಒಂದು ಸಲ ಸಿಟ್ಟಿನಲ್ಲಿ ತುಳಿದೆ. ಬಸ್ಸು ಪರದೆ ಹರಿದುಕೊಂಡು ಆಚೆ ಹೋಗುವ ಹಾಗೆ ಓಡಿತು. ಅಣ್ಣ ಅದನ್ನು ನೋಡಿದ, ಆಮೇಲೆ ತನ್ನ ಕಾಲನ್ನು ನೋಡಿಕೊಂಡ. ಯಾಕಾದರೂ ತುಳಿದೆನೋ ಎನಿಸಿತು.

ಒಂದು ಬೆಳಗ್ಗೆ ಅಣ್ಣ ಇದ್ದಕ್ಕಿದ್ದಂತೆ ಕೂಗಿದ. "ಲೇ, ಬಾ ಇಲ್ಲಿ! ಒತ್ತಿದೆ! ಈಗ ಒತ್ತಿದೆ, ನನಗೆ ಗೊತ್ತಾಯ್ತು! ಹೆಬ್ಬೆರಳ ಹತ್ರ ಏನೋ ಆಯ್ತು!"

ಅತ್ತಿಗೆ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡಿದಳು. ಟ್ಯಾಬಿನ ಮೇಲೆ ಬಗ್ಗಿ ನೋಡಿದಳು. ಸೊನ್ನೆ.

"ಇಲ್ಲ ರೀ" ಎಂದಳು.

"ಸರಿಯಾಗಿ ನೋಡು."

"ನೋಡಿದೆ. ಸೊನ್ನೆ ಇದೆ ರೀ."

ಅಣ್ಣನ ಮುಖ ಇಳಿದುಹೋಯಿತು. "ಹಾಗಾದ್ರೆ ನನ್ನ ಕಾಲೇ ನನಗೆ ಸುಳ್ಳು ಹೇಳ್ತಿದೆ" ಎಂದ. ಆವತ್ತಿನಿಂದ ಒತ್ತುವುದು ಕಡಿಮೆ ಮಾಡಿದ. ಅತ್ತಿಗೆ ಬೇಡಿಕೊಂಡಳು, ಗದರಿದಳು, ಪಾದ ಹಿಡಿದುಕೊಂಡು ಕೂತಳು. ನಾನೂ ಬಾಯಿಗೆ ಬಂದಂತೆ ಅಂದೆ. "ಮನಸ್ಸಿಟ್ಟು ಮಾಡಲ್ಲ ನೀನು. ಕಾಲಿಗೆ ಸ್ವಲ್ಪ ಬುದ್ಧಿ ಹೇಳು."

"ದಿನಾ ಹೇಳ್ತಾನೇ ಇದೀನಿ ತಾಯಿ" ಎಂದ ಅಣ್ಣ. "ಅದು ಕೇಳ್ತಿಲ್ಲ."

ಬರಬರುತ್ತಾ ಅವನು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ. ಬಾಗಿಲ ಹಿಂದೆ ಅವನ ಡ್ಯೂಟಿ ಬೂಟುಗಳಿದ್ದವು. ಅತ್ತಿಗೆ ಆಗಾಗ ಧೂಳು ಒರೆಸಿಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದು ಹೇಳಿದ: "ಆ ಬಲಗಾಲಿನ ಬೂಟು ಯಾರಿಗಾದ್ರೂ ಕೊಟ್ಬಿಡು. ಎಡಗಾಲಿಂದು ಇರ್ಲಿ, ಕೆಲಸಕ್ಕೆ ಬರುತ್ತೆ." ಇಷ್ಟು ದಿನ ಅವನ ಎಲ್ಲ ತಮಾಷೆಗೂ ನಕ್ಕವಳು ನಾನು. ಅದಕ್ಕೆ ಮಾತ್ರ ನಗಲು ಆಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಂದೆ.

ಮೇಡಂ ದಿನವೂ ಫೋನಿನಲ್ಲಿ ಕೇಳುತ್ತಿದ್ದರು. ಸೊನ್ನೆ, ಸೊನ್ನೆ, ಸೊನ್ನೆ. ಕೊನೆಗೆ ಅವರು ಸುತ್ತಿಬಳಸದೆ ಹೇಳಿದರು: ಮುಂದಿನ ಸಲ ಬಂದಾಗಲೂ ಹೀಗೇ ಇದ್ದರೆ ಕಾಲಿನ ಅಭ್ಯಾಸ ನಿಲ್ಲಿಸೋಣ, ಗಾಲಿಕುರ್ಚಿಯಲ್ಲಿ ಬದುಕುವುದನ್ನು ಕಲಿಸೋಣ, ಇಲ್ಲದ ಆಸೆ ಹಚ್ಚಿ ಅವರನ್ನು ಇನ್ನೂ ಕುಗ್ಗಿಸುವುದು ಬೇಡ. ಅವರು ಹೇಳಿದ್ದು ಸರಿಯೇ. ಸರಿಯಾಗಿದ್ದದ್ದಕ್ಕೇ ನನಗೆ ಅವರ ಮೇಲೆ ಕೆಟ್ಟ ಕೋಪ ಬಂದಿತ್ತು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ. ನನಗೆ ರಜೆ. ಅಣ್ಣ ಒಳಗಿನ ಕೋಣೆಯಲ್ಲಿ ಮಲಗಿದ್ದ. ಅತ್ತಿಗೆ ನಡುಮನೆಯ ನೆಲದ ಮೇಲೆ ಹಲಗೆಯನ್ನು ಮತ್ತೊಮ್ಮೆ ಬಿಚ್ಚಿ ಹರಡಿಕೊಂಡಿದ್ದಳು. ತಲೆ ಬಾಚಿರಲಿಲ್ಲ, ಕಣ್ಣು ಕೆಂಡವಾಗಿತ್ತು. ಊಟಕ್ಕೆ ಕರೆದರೆ ಹೂಂ, ನೀರು ಬೇಕಾ ಎಂದರೆ ಹೂಂ. ಅಷ್ಟರಲ್ಲಿ ಮೇಡಂ ಫೋನು ಬಂತು. ಅವಳ ಕೈ ಖಾಲಿ ಇಲ್ಲದ್ದರಿಂದ ನಾನೇ ಎತ್ತಿ ಸ್ಪೀಕರಿಗೆ ಹಾಕಿದೆ.

"ನಾಳೆ ಬೆಳಗ್ಗೆ ಬರ್ತಿದೀನಿ. ಕಾಲು ಬಂತಾ?"

ಅಷ್ಟು ದಿನದ ಸಿಟ್ಟೆಲ್ಲ ನನ್ನ ನಾಲಿಗೆಗೆ ಬಂತು. "ಕಾಲು ಎಲ್ಲಿಗೆ ಹೋಗಿತ್ತು ಮೇಡಂ, ಬರೋಕೆ? ಇಲ್ಲೇ ಇದೆ, ಮಂಚದ ಮೇಲೆ. ಎರಡೂ ಇವೆ. ನಾಳೆ ಬಂದು ಎಣಿಸ್ಕೊಳ್ಳಿ!"

ಮೇಡಂ ತಾಳ್ಮೆಯಿಂದ ಹೇಳಿದರು: "ಎಣಿಸೋ ಕಾಲಲ್ಲಮ್ಮಾ. ನಾನು ಕೇಳಿದ್ದು ಕಾಲು ಕಿಲೋ ಕಾಲು."

ಅತ್ತಿಗೆಯ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಠಣ್ಣೆಂದಿತು. "ಏನಂದ್ರಿ?" ಎಂದಳು. ಮೇಡಂ ಮತ್ತೆ ಹೇಳುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಡಬ್ಬಗಳು ದಡಬಡ ಬಿದ್ದ ಸದ್ದು. ಓಡಿಬಂದಾಗ ಕೈಯಲ್ಲಿ ಚಹಾಪುಡಿಯ ಪೊಟ್ಟಣವಿತ್ತು, ಒಡೆಯದ ಕಾಲು ಕಿಲೋ ಪೊಟ್ಟಣ. ಹಲಗೆಯನ್ನು ಜೋಡಿಸಿ, ಪೊಟ್ಟಣವನ್ನು ಅದರ ಮೇಲಿಟ್ಟಳು.

ಸೊನ್ನೆ.

"ಕಂಡಕ್ಟ್ರಮ್ಮ" ಎಂದಳು. "ಇದು ಸಕ್ಕರೆ ತೂಗುತ್ತೆ. ಚಹಾಪುಡಿ ತೂಗಲ್ಲ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಲ್ಯಾಪ್‌ಟಾಪ್ ತೆರೆದು, ಗಡಿಬಿಡಿ ಕಳಿಸಿದ್ದ ಸ್ಕ್ರಿಪ್ಟಿನ ತಲೆಯ ಭಾಗಕ್ಕೆ ಹೋದಳು. ಡಬ್ಬಿಗಳ ಹೆಸರು, ಪಕ್ಕದಲ್ಲಿ ಚೀಟಿ. ಬೆರಳಿಟ್ಟು ತೋರಿಸಿದಳು. ಕಾಲು ಎಂಬ ಡಬ್ಬಿಯ ಮೇಲೆ ಪೂರ್ಣ ಸಂಖ್ಯೆ ಎಂಬ ಚೀಟಿ ಅಂಟಿತ್ತು. ಪೂರ್ಣ ಸಂಖ್ಯೆಯ ಡಬ್ಬಿಗೆ ಚೂರುಪಾರು ಹಿಡಿಸುವುದಿಲ್ಲವಂತೆ. ಒಂದು ಕಿಲೋ ಒತ್ತಿದರೆ ಒಂದು. ಮುಕ್ಕಾಲು ಕಿಲೋ ಒತ್ತಿದರೂ ಆ ಮುಕ್ಕಾಲನ್ನು ಕತ್ತರಿಸಿ ಎಸೆದು ಸೊನ್ನೆ. ನನ್ನ ಬಸ್ಸಿನಲ್ಲಿ ಅರ್ಧ ಟಿಕೆಟ್ಟಿನ ಮಕ್ಕಳು ಬಾಗಿಲವರೆಗೂ ಕಿಕ್ಕಿರಿದಿದ್ದರೂ ಪೂರ್ತಿ ಟಿಕೆಟ್ ಯಾರದ್ದೂ ಇಲ್ಲ, ಬಸ್ಸು ಖಾಲಿ ಎಂದು ಬರೆದ ಹಾಗೆ.

ಗಡಿಬಿಡಿಗೆ ಫೋನು ಮಾಡಿದಳು. ಅವನು ಮೊದಲು ನಕ್ಕ, ಪಾಪ, ಅವನಿಗೇನು ಗೊತ್ತು.

"ಅದು ಕಾಲು ಅಂತ ಇತ್ತಲ್ಲ ಅಕ್ಕಾ. ಹಲಗೆ ಮೇಲೆ ಯಾವ ಕಾಲಿದೆ ಅಂತ ತಿಳಿಯೋಕೆ, ಎಡಗಾಲು ಒಂದು, ಬಲಗಾಲು ಎರಡು ಅಂತ ಇಟ್ಟಿದೀರಿ ಅಂದ್ಕೊಂಡೆ. ಕಾಲನ್ನ ಯಾರಾದ್ರೂ ಅರ್ಧ, ಮುಕ್ಕಾಲು ಅಂತ ಎಣಿಸ್ತಾರಾ?"

"ಎಚ್ಚರಿಕೆ ಬರಲಿಲ್ವೇನೋ?"

"ಹಳದಿ ಗೆರೆ ಒಂದು ಬಂತು, ಚೂರು ಕತ್ತರಿಸಿ ಹೋಗುತ್ತೆ ಅಂತ. ಕೆಂಪು ಅಲ್ವಲ್ಲ, ಗೇಮ್ ಓಡ್ತಿತ್ತಲ್ಲ ಅಂತ ಆರಿಸಿಬಿಟ್ಟೆ." ಆಮೇಲೆ ಕೇಳಿದ: "ಯಾಕಕ್ಕಾ? ಅಣ್ಣ ಹೇಗಿದಾರೆ?"

ಅತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟಳು. ಅವನನ್ನು ಹರಿದು ಮುಕ್ಕಬೇಕು ಎಂದು ನಾನು ಬಾಯಿ ತೆರೆದೆ. ಆ ಕಡೆಯಿಂದ ಅವನು "ಅಕ್ಕಾ? ಅಕ್ಕಾ?" ಎನ್ನುತ್ತಿದ್ದ. ಆಮೇಲೆ ಮಾಡುತ್ತೇವೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಅವಳು ಚೀಟಿ ಬದಲಾಯಿಸಿದಳು. ಒಂದೇ ಪದ. ಬದಲಾಯಿಸಿದ್ದೇ ತಡ, ಇನ್ನೊಂದು ಕಡೆ ಕೆಂಪು ಗೆರೆ ಬಂತು. ಬಸ್ಸಿನ ವೇಗದ ಡಬ್ಬಿಗೂ ಅವನು ಪೂರ್ಣ ಸಂಖ್ಯೆಯ ಚೀಟಿ ಅಂಟಿಸಿದ್ದ, ಅದು ಈಗ ಜಗಳಕ್ಕೆ ನಿಂತಿತ್ತು. ಅದನ್ನೂ ಸರಿಮಾಡಿದಳು. ಪರದೆಯ ಮೂಲೆಯ ಅಂಕಿಗೆ ದಶಮಾಂಶ ಕಾಣುವ ಹಾಗೆ ಮಾಡಿ, ಆರಿಸಿದ್ದ ಎಚ್ಚರಿಕೆಯನ್ನು ಮತ್ತೆ ಹಚ್ಚಿದಳು. ಕೆಲಸ ಮಾಡುವಾಗ ಎಂದೂ ಬಾಯಿ ಮುಚ್ಚದವಳು ಅಂದು ಒಂದು ಡಬ್ಬಿಗೂ ಬೈಯಲಿಲ್ಲ. ಗೇಮನ್ನು ಮತ್ತೆ ಟ್ಯಾಬಿಗೆ ಹಾಕಿ, ಚಹಾಪುಡಿ ಇಟ್ಟು ನೋಡಿದಳು. ಪರದೆ ಪಾಯಿಂಟ್ ಎರಡು ಐದು ಎಂದಿತು, ಬಸ್ಸು ಕುಂಟುತ್ತಾ ಹೊರಟಿತು.

ಆಗ ಅವಳಿಗೆ ಅಳು ಬಂತು. ನಾನು, "ಯಾಕೆ ಅಳ್ತೀಯಾ, ಸಿಕ್ತಲ್ಲ!" ಎಂದೆ. "ಅಷ್ಟು ದಿನ ಎಷ್ಟು ಒತ್ತಿದ್ರು ಅಂತ ಎಲ್ಲೂ ಉಳಿದಿಲ್ಲ ಕಣೇ" ಎಂದಳು. "ಒತ್ತಿದ್ರೋ ಇಲ್ವೋ, ಅದೂ ಗೊತ್ತಾಗಲ್ಲ. ಈಗ ಆ ಕಾಲಲ್ಲಿ ಏನಾದ್ರೂ ಉಳಿದಿದೆಯೋ ಇಲ್ವೋ." ಕಾಣದಿದ್ದರೆ ತಲೆ ಕೈ ಚೆಲ್ಲಿಬಿಡುತ್ತದೆ ಎಂದಿದ್ದರಲ್ಲ ಮೇಡಂ, ಅದು ನನಗೂ ನೆನಪಾಯಿತು.

ಅಣ್ಣ ಏಳಲು ಒಪ್ಪಲಿಲ್ಲ. ಅತ್ತಿಗೆ ಮಂಚದ ಅಂಚಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ತಪ್ಪು ಗೇಮಲ್ಲಿತ್ತು ರೀ. ನೀವು ಒತ್ತಿದ್ದನ್ನ ಅದು ನುಂಗಿ ಹಾಕ್ತಿತ್ತು."

ಗೋಡೆ ನೋಡುತ್ತಲೇ ಕೇಳಿದ: "ಅಂದ್ರೆ ನಾನು ಒತ್ತಿದ್ನಾ?"

"ಗೊತ್ತಿಲ್ಲ ರೀ."

"ಅದೂ ಗೊತ್ತಿಲ್ಲ." ಹಾಗೆಂದು ಕೈ ಚಾಚಿದ. ಇಬ್ಬರೂ ಹಿಡಿದು ಕುರ್ಚಿಗೆ ಕೂರಿಸಿದೆವು. ಪಾದ ಹಲಗೆಯ ಮೇಲೆ, ಟ್ಯಾಬು ಎದುರಿನ ಸ್ಟೂಲಿನ ಮೇಲೆ. "ರೈಟ್, ರೈಟ್" ಎಂದಿತು ನನ್ನ ಹಾಳು ದನಿ. ಅಣ್ಣ ಕಣ್ಣು ಮುಚ್ಚಿ ಒತ್ತಿದ. ನಾನು ಪರದೆಯನ್ನೇ ನುಂಗುವಂತೆ ನೋಡಿದೆ. ಸೊನ್ನೆ, ಚುಕ್ಕಿ, ಸೊನ್ನೆ, ಸೊನ್ನೆ.

ಅಣ್ಣ ಕಣ್ಣು ಬಿಟ್ಟು ನೋಡಿದ. "ಒಂದು ಸೊನ್ನೆ ಇತ್ತು, ಮೂರು ಮಾಡಿದೀಯಾ" ಎಂದ. "ಭೇಷ್."

ಅತ್ತಿಗೆಯ ಕಣ್ಣಿಂದ ಒಂದು ಹನಿ ಟ್ಯಾಬಿನ ಮೇಲೆ ಬಿತ್ತು. ಅವಳು ಅದನ್ನು ಅಂಗೈಯಿಂದ ಒರೆಸಿದಳು. "ಇನ್ನೊಂದೇ ಒಂದು ಸಲ" ಎಂದಳು. ಅವಳ ಮುಖ ನೋಡಲಾರದೆ ಅಣ್ಣ ಮತ್ತೊಮ್ಮೆ ಒತ್ತಿದ. ಮೂಲೆಯ ಅಂಕಿ ಮಿಣುಕಿತು. ಪಾಯಿಂಟ್ ಸೊನ್ನೆ ಆರು. ಪಾಯಿಂಟ್ ಒಂದು. ಬಸ್ಸಿನ ಚಕ್ರ ಒಂದು ಕೂದಲೆಳೆಯಷ್ಟು ತಿರುಗಿತು. ನಾನು ಕಿಟಾರನೆ ಕಿರುಚಿದೆ.

ಅಣ್ಣ ಕಿರುಚಲಿಲ್ಲ, ನಗಲಿಲ್ಲ. ಅತ್ತಿಗೆಯನ್ನೇ ನೋಡುತ್ತಿದ್ದ. "ಈಗ ಅಲ್ಲೇನು ಒತ್ತಿದೆ ನೀನು?"

"ಎಲ್ಲಿ?"

"ಟ್ಯಾಬ್ ಮೇಲೆ ಕೈಯಾಡಿಸಿದ್ಯಲ್ಲ. ಅಲ್ಲಿವರೆಗೆ ಸೊನ್ನೆ. ನಿನ್ನ ಕೈ ಆಡಿದ ಮೇಲೆ ಬಸ್ಸು ಹೊರಡ್ತು. ನಾಳೆ ಮೇಡಂ ಬಂದು ನಿಲ್ಲಿಸ್ತಾರೆ ಅಂತ ಇವತ್ತು ಓಡಿಸ್ತಿದೀಯಾ?"

"ಕಣ್ಣೀರು ಒರೆಸಿದೆ ರೀ! ನಿಮ್ಮಾಣೆಗೂ ಅಷ್ಟೇ!"

"ನಾಲ್ಕು ಸಾಲು ಬರೆದ್ರೆ ವಿಮಾನಾನೂ ಹಾರಿಸ್ತೀಯಾ ನೀನು. ನನಗೆ ಗೊತ್ತಿಲ್ವಾ?" ಅವನ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ನನ್ನ ಮೇಲೆ ಪ್ರೀತಿಗೇ ಮಾಡಿದೀಯಾ, ಇರ್ಲಿ ಬಿಡು. ಆದ್ರೆ ಇಂಥದ್ದು ಮಾಡ್ಬೇಡ."

ಅವಳ ಹತ್ತಿರ ಯಾವ ಸಾಕ್ಷಿ ಇತ್ತು? ಅವಳಿಗೆ ಬರುವ ವಿದ್ಯೆಯೇ ಅವಳ ಮಾತಿಗೆ ಅಡ್ಡ ನಿಂತಿತ್ತು. ಸೊನ್ನೆ ತೋರಿಸಿದಾಗ ಅಣ್ಣ ಯಂತ್ರವನ್ನು ನಂಬಿದ್ದ, ತನ್ನ ಕಾಲನ್ನೂ ಬಿಟ್ಟು ನಂಬಿದ್ದ. ಅದೇ ಯಂತ್ರ ಚೂರು ತೋರಿಸಿದಾಗ ನಂಬಲಿಲ್ಲ. ಅತ್ತಿಗೆ ನನ್ನ ಕಡೆ ನೋಡಿದಳು.

ಅಣ್ಣನೇ ಮಾತಾಡಿದ. "ಇಬ್ಬರೂ ಆಚೆ ಹೋಗಿ."

"ಒಬ್ಬರನ್ನೇ ಬಿಟ್ಟು ಹೇಗೆ..."

"ಆಚೆ ಹೋಗಿ ಅಂದೆ. ಬಾಗಿಲು ಹಾಕಿ. ಲ್ಯಾಪ್‌ಟಾಪು, ಫೋನು ಎಲ್ಲ ಇಲ್ಲಿ ಮಂಚದ ಮೇಲಿಡಿ, ನನ್ನ ಕಣ್ಣೆದುರಿಗೆ."

ಇಟ್ಟೆವು. ಅತ್ತಿಗೆ ಕೈಗಡಿಯಾರವನ್ನೂ ಬಿಚ್ಚಿಟ್ಟಳು, ಅದಕ್ಕೂ ಬಸ್ಸಿಗೂ ಏನು ಸಂಬಂಧವೋ. ಬಾಗಿಲೆಳೆದುಕೊಂಡು ಹೊರಗಿನ ಮೆಟ್ಟಿಲಿನ ಮೇಲೆ ಕೂತೆವು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಇನ್ಯಾರೋ "ಬಾ, ಬಾ, ಬಾ, ಸಾಕು" ಎನ್ನುತ್ತಿದ್ದರು. ಬಾಗಿಲಿನ ಒಳಗಿಂದ ನನ್ನ ದನಿ ಕೇಳಿತು. "ರೈಟ್, ರೈಟ್." ಆಮೇಲೆ ಏನೂ ಇಲ್ಲ.

ಮತ್ತೆ "ರೈಟ್, ರೈಟ್." ಬಸ್ಸು ನಿಂತೇ ಇದೆ ಎಂದರೆ ಅದು ಹಾಗೆ ಮತ್ತೆ ಮತ್ತೆ ಕೂಗುತ್ತದೆ. ಅತ್ತಿಗೆ ನನ್ನ ಮಣಿಕಟ್ಟನ್ನು ಹಿಡಿದಿದ್ದಳು, ಉಗುರು ನಾಟುವ ಹಾಗೆ. "ಒತ್ತಿದೆ ಅಂದಿದ್ರು ಕಣೇ ಆವತ್ತು" ಎಂದಳು. "ಹೆಬ್ಬೆರಳ ಹತ್ರ ಏನೋ ಆಯ್ತು ಅಂದ್ರು. ಅವರ ಕಾಲು ಅವರದು. ಅದನ್ನ ನಾನು ಇಲ್ಲ ಅಂದೆ." ನಾನೂ ಅಂದಿದ್ದೆನಲ್ಲ, ಮನಸ್ಸಿಟ್ಟು ಮಾಡಲ್ಲ ಎಂದು.

ಮತ್ತೊಂದು ಸಲ "ರೈಟ್, ರೈಟ್." ಅವನು ಬೇಕೆಂದೇ ಒತ್ತದೆ ಕೂತಿದ್ದಾನೆ ಎಂದು ನನಗೆ ಆಗ ಹೊಳೆಯಿತು. ತಾನು ಒತ್ತದಿದ್ದಾಗ ಬಸ್ಸು ನಿಲ್ಲುತ್ತದೆಯೇ, ಯಾರೂ ಇಲ್ಲದಾಗ, ಯಾರೂ ಹೇಳದಾಗ, ತಾನು ಒತ್ತಿದಾಗಲೇ ಹೊರಡುತ್ತದೆಯೇ ಎಂದು ನೋಡುತ್ತಿದ್ದಾನೆ. ಹೊಸ ಗಾಡಿ ಕೈಗೆ ಬಂದಾಗಲೂ ಡಿಪೋದಲ್ಲಿ ಹೀಗೇ ಮಾಡುತ್ತಿದ್ದ, ಯಾರನ್ನೂ ಹತ್ತಿಸಿಕೊಳ್ಳದೆ.

ಆಮೇಲೆ ಕೂಗು ನಿಂತುಹೋಯಿತು. ಟ್ಯಾಬೇ ಆರಿಹೋಯಿತೋ, ಅವನೇ ಆರಿಸಿದನೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಗಿಲಿಗೆ ಕಿವಿ ಹಚ್ಚಿದೆ. ಒಳಗೆ ಅಣ್ಣನ ಉಸಿರು ಕೇಳುತ್ತಿತ್ತು, ಏದುಸಿರು. ಎಷ್ಟು ಹೊತ್ತೋ ಅದೊಂದೇ ಕೇಳುತ್ತಿತ್ತು. ಆಮೇಲೆ ನನ್ನದೇ ತಗಡು ಗಂಟಲು ಬಾಗಿಲು ಅದುರುವ ಹಾಗೆ ಕೂಗಿತು:

"ಹೋಲ್ಡಾನ್!"

ನಾನು ಚಿಲಕಕ್ಕೆ ಕೈ ಹಾಕಿದೆ. ಅತ್ತಿಗೆ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಮುಖವೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ. ಒಳಗೆ ಅಣ್ಣ ಅಳುತ್ತಿದ್ದದ್ದು ನನಗೂ ಕೇಳಿಸಿತು.

"ಬೇಡ ಕಣೇ" ಎಂದಳು. "ಇನ್ನೊಂದು ಸ್ಟಾಪ್ ಹೋಗ್ಲಿ."